ಕೂರುವ ಕೋಟು

ಬೆಳಿಗ್ಗೆ ಹತ್ತು ಗಂಟೆಯಾಗುವಷ್ಟರಲ್ಲಿ ಬುಗುರಿ ಮೆಟ್ಟಿಲನ್ನು ಹದಿನಾಲ್ಕು ಸಲ ಹತ್ತಿ ಇಳಿದಿದ್ದಳು. ಮೇಲೆ ಮನೆ, ಕೆಳಗೆ ಅಪ್ಪನ ಹೊಲಿಗೆ ಅಂಗಡಿ. ಮೇಲೆ ಹೋದರೆ ಕೆಳಗೇನೋ ಮರೆತು ಬಂದ ಹಾಗೆ, ಕೆಳಗೆ ಬಂದರೆ ಮೇಲೇನೋ ಸೀಯುತ್ತಿರುವ ಹಾಗೆ. ಹುಟ್ಟಿದಾಗಿನಿಂದ ಒಂದು ಕಡೆ ಕೂತ ಪ್ರಾಣಿಯಲ್ಲ ಅದು, ಅದಕ್ಕೇ ಅಮ್ಮ ಬುಗುರಿ ಎಂದು ಕರೆದದ್ದು. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿದೆ ನಿಜ, ಆದರೆ ಆ ಹೆಸರಿನಿಂದ ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ.

ಇವತ್ತಿನ ಚಡಪಡಿಕೆಗಂತೂ ಕಾರಣವಿತ್ತು. ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಸಂಜೆ ಐದರೊಳಗೆ ಪ್ರವೇಶದ ವೆಬ್‌ಸೈಟಿನಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು. ಒಂದನ್ನು ಒತ್ತಿದರೆ ಇನ್ನೊಂದು ಮಾಯ. ಮೀನಮೇಷ ಎಣಿಸುತ್ತ ಕೂತರೆ ಎರಡೂ ಮಾಯ.

ಒಂದು ಗುಡ್ಡದ ಮೇಲಿನ ಕಾಲೇಜು. ಗಾಜಿನ ಗೋಡೆಯ ಲೈಬ್ರರಿ, ಹುಲ್ಲುಹಾಸು, ಆಳೆತ್ತರದ ಅಕ್ಷರಗಳಲ್ಲಿ 'ಫೈನಾನ್ಸ್ ವಿಭಾಗ' ಎಂಬ ಬೋರ್ಡು. ಬುಗುರಿ ನೋಡಲು ಹೋದ ದಿನ ಆ ಬೋರ್ಡಿನ ಕೆಳಗೆ ನಿಂತು ಬಾಯಿ ಬಿಟ್ಟುಕೊಂಡು ಎರಡು ನಿಮಿಷ ನೋಡಿದ್ದಳು. ಇನ್ನೊಂದು, ಬಸ್ ಡಿಪೋದ ಹಿಂದೆ ಹಳೆಯ ಗೋದಾಮಿನಲ್ಲಿ ನಡೆಯುವ ಕಾಲೇಜು. ಕಿಟಕಿಗಳು ಸೂರಿನ ಹತ್ತಿರ, ಒಳಗೆ ಡೀಸೆಲ್ ವಾಸನೆ. ಬೆಳಿಗ್ಗೆ ಏಳರಿಂದ ಹತ್ತೂವರೆವರೆಗೆ ಪಾಠ. ಎರಡನೇ ವರ್ಷದಿಂದ ಹನ್ನೊಂದಕ್ಕೆಲ್ಲ ಯಾವುದಾದರೂ ಆಫೀಸಿನಲ್ಲಿ ಕೆಲಸ ಕಲಿಯಲು ಕೂರಬೇಕು.

ಕಂಪನಿಗಳ ಕಾಗದಪತ್ರ ಓದಿ, ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಹೇಳುವ ಕೆಲಸ ಮಾಡಬೇಕೆಂಬುದು ಬುಗುರಿಯ ಆಸೆ. ಅದು ಅವಳ ತಲೆಗೆ ಹೊಕ್ಕಿದ್ದು ಇದೇ ಅಂಗಡಿಯಲ್ಲಿ. ಎರಡು ವರ್ಷದ ಹಿಂದೆ ಉದ್ದ ತೋಳಿನ ಒಬ್ಬಾಕೆ ಕೋಟಿಗೆ ಅಳತೆ ಕೊಡುತ್ತ ತನ್ನ ಕೆಲಸದ ಬಗ್ಗೆ ಹೇಳಿದ್ದಳು. ಗುಂಡಿ ಆರಿಸುತ್ತ ಕೂತಿದ್ದ ಬುಗುರಿಯ ಕೈಯಿಂದ ಡಬ್ಬಿ ಜಾರಿ, ಕಪಾಟಿನ ಕೆಳಗೆ ಹೋದ ಮೂರು ಗುಂಡಿಗಳು ಇವತ್ತಿಗೂ ಸಿಕ್ಕಿಲ್ಲ.

"ಏಯ್ ಬುಗುರಿ, ಒಂದ್ಕಡೆ ಕೂತ್ಕೊಳ್ಳೇ! ನೀನು ಓಡಾಡೋದು ನೋಡಿ ನಂಗೆ ತಲೆ ಸುತ್ತುತ್ತೆ" ಎಂದಳು ಅಮ್ಮ. ಕಾಜ ಹಾಕುವುದು ಅವಳ ಕೆಲಸ. ಸೂಜಿ ಹಿಡಿದರೆ ಕತ್ತು ಎತ್ತುವವಳಲ್ಲ, ಆದರೆ ಅವಳ ಕಣ್ಣು ತಪ್ಪಿಸಿ ಈ ಅಂಗಡಿಯಲ್ಲಿ ಒಂದು ಇರುವೆಯೂ ದಾಟುವುದಿಲ್ಲ.

"ಕೂತ್ರೆ ಆ ಕೋಟು ಕಣ್ಣಿಗೆ ಬೀಳುತ್ತಮ್ಮ."

ಅಲ್ಲೇ ಇತ್ತು ತಕರಾರು. ಕನ್ನಡಿಯ ಪಕ್ಕದ ಮೊಳೆಗೆ ಕಡುನೀಲಿ ಕೋಟೊಂದು ತೂಗುತ್ತಿತ್ತು. ಎಡ ಜೇಬಿನ ಮೇಲೆ ಗುಡ್ಡದ ಕಾಲೇಜಿನ ಲಾಂಛನ, ಬಂಗಾರದ ಬಣ್ಣದ ದಾರದಲ್ಲಿ. ಮಗಳು ಕಾಲೇಜು ಆರಿಸುವ ಮೊದಲೇ ಅಪ್ಪ ಕೋಟು ಹೊಲಿದು ಮುಗಿಸಿದ್ದ. 'ಹೊಸ ಕಟಿಂಗ್ ನೋಡ್ತಿದ್ದೀನಿ, ಒಂದ್ನಿಮಿಷ ನಿಲ್ಲು' ಎಂದು ಹೋದ ತಿಂಗಳು ಅಳತೆ ತೆಗೆದುಕೊಂಡಾಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಅಪ್ಪನಿಗೆ ಗುಡ್ಡದ ಕಾಲೇಜೆಂದರೆ ಸಾಕು, ಎದೆ ಎರಡು ಇಂಚು ಉಬ್ಬುತ್ತಿತ್ತು. ಅದಕ್ಕೆ ಅವನದೇ ಒಂದು ಲೆಕ್ಕಾಚಾರ. ಅವನ ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ಭುಜ, ತೋಳು ಆದಮೇಲೆ ಕೊನೆಯಲ್ಲಿ 'ಯಾತಕ್ಕೆ' ಎಂದು ಗೀಟು ಎಳೆದ ಒಂದು ಮನೆ ಇರುತ್ತದೆ. ಬೇರೆ ದರ್ಜಿಗಳು ಕೇಳದ ಪ್ರಶ್ನೆ ಅದು. ಮದುವೆ ಕೋಟು ನಿಲ್ಲುವುದಕ್ಕೆ, ಇಂಟರ್‌ವ್ಯೂ ಕೋಟು ಕೂರುವುದಕ್ಕೆ ಎಂಬುದು ಅವನ ಸಿದ್ಧಾಂತ. ಇಂಟರ್‌ವ್ಯೂ ಎಂದವರನ್ನು ಮೂಲೆಯ ಕೈಯಿಲ್ಲದ ಮರದ ಕುರ್ಚಿಯಲ್ಲಿ ಕೂರಿಸಿ, ಕೂತಲ್ಲೇ ಇನ್ನೊಮ್ಮೆ ಅಳತೆ ತೆಗೆಯುತ್ತಿದ್ದ. ಯಾವ ಕಾಲೇಜೆಂದೂ ಬರೆದಿಡುತ್ತಿದ್ದ. ಒಂದೇ ಕಾಲೇಜಿನ ಇಬ್ಬರು ಒಂದೇ ಬಟ್ಟೆಯಲ್ಲಿ ಹೋಗಿ ಕೂತರೆ ಬ್ಯಾಂಡ್‌ಸೆಟ್ಟಿನವರ ಹಾಗೆ ಕಾಣುತ್ತಾರೆ ಎಂಬ ಮುಂಜಾಗ್ರತೆ.

"ಹನ್ನೊಂದು ವರ್ಷದಿಂದ ಗುಡ್ಡದವರಿಗೆ ಹೊಲಿದಿದ್ದೀನಿ" ಎಂದ ಅಪ್ಪ, ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುತ್ತ. "ಇಂಟರ್‌ವ್ಯೂ ಕೋಟು ತಗೊಂಡು ಹೋದ್ರು ಅಂದ್ರೆ ಮುಗೀತು, ತಿರುಗಿ ಈ ಬೀದಿಗೆ ಕಾಲಿಡಲ್ಲ. ಯಾಕೆ ಹೇಳು?"

"ಯಾಕೆ?"

"ಮೇಲಕ್ಕೆ ಹೋಗ್ಬಿಟ್ರು ಕಣೇ! ನನ್ನಂಥ ದರ್ಜಿ ಅವರಿಗೆ ಸಾಲಲ್ಲ. ಆ ಗೋದಾಮಿನವರನ್ನ ನೋಡು. ಭುಜ ಬಿಗಿ ಆಯ್ತು, ಸೊಂಟ ಬಿಗಿ ಆಯ್ತು ಅಂತ ಮತ್ತೆ ಮತ್ತೆ ಇಲ್ಲಿಗೇ ಬರ್ತಾರೆ. ಓದಿ ಎಲ್ಲಿಗೆ ಹೋದ್ರು? ಇದೇ ಬೀದೀಲಿ ಸುತ್ತುತಾ ಇದ್ದಾರೆ."

"ಅಪ್ಪಾ, ಬರಲಿಲ್ಲ ಅಂದ ಮಾತ್ರಕ್ಕೆ..."

"ಫೀಸಿನ ಚಿಂತೆ ನಿಂಗೆ ಬೇಡ, ಅದು ನನ್ನ ತಲೆನೋವು. ನೀನು ಒತ್ತು ಅಷ್ಟೆ." ಹನ್ನೊಂದು ಗಂಟೆಗೆ ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು, ಹೋಟೆಲೊಂದರ ಮಾಣಿಗಳ ಸಮವಸ್ತ್ರದ ಅಳತೆಗೆಂದು ಹೊರಟ. ಬಾಗಿಲಲ್ಲಿ ನಿಂತು, "ನಾಲ್ಕಕ್ಕೆ ಬರ್ತೀನಿ. ಅಷ್ಟರಲ್ಲಿ ಆಗಿರಬೇಕು" ಎಂದು ಕೋಟಿನ ಕಡೆ ಒಮ್ಮೆ ನೋಡಿದ. ಹುಡುಗಿಯ ಕಡೆ ನೋಡಲಿಲ್ಲ.

ಬುಗುರಿ ಫೋನು ತೆಗೆದಳು, ಪುಟ ತೆರೆದಳು, ಮುಚ್ಚಿದಳು. ಬಾಗಿಲಿಗೆ ಹೋಗಿ ಬೀದಿ ನೋಡಿದಳು. ಎದುರಿನ ಜೆರಾಕ್ಸ್ ಅಂಗಡಿಯವನು ಆಕಳಿಸಿದ್ದನ್ನು ನೋಡಿ ತಾನೂ ಆಕಳಿಸಿದಳು. ಒತ್ತಿಬಿಟ್ಟರೆ ಅಪ್ಪನಿಗೆ ಖುಷಿ, ಕೋಟೂ ಸರಿಯಾಗಿ ಕೂರುತ್ತೆ. ಲೈಬ್ರರಿಯಂತೂ ಅವಳಿಗೇ ಇಷ್ಟವಾಗಿತ್ತು. ಮತ್ತೇನು ಅಡ್ಡಿ? ಅಪ್ಪನ ಆ ಮಾತೊಂದು ಹೊಟ್ಟೆಯಲ್ಲಿ ಅರಗದೆ ಕೂತಿತ್ತು. ತಿರುಗಿ ಬರದವರೆಲ್ಲ ಮೇಲಕ್ಕೆ ಹೋದವರೇ ಎಂದು ಹೇಳಿದವರು ಯಾರು?

ಅವಳು ಅಳತೆ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿದಳು. ಐದು ಪುಸ್ತಕ, ಹನ್ನೊಂದು ವರ್ಷ. ಪೆನ್ಸಿಲು ಹಿಡಿದು, ತಿರುಗಿ ಬಂದವರ ಹೆಸರಿನ ಮುಂದೆ ಗೀಟು ಹಾಕುತ್ತ ಹೋದಳು. ಗುಡ್ಡದವರು ನಲವತ್ತಾರು ಜನ, ತಿರುಗಿ ಬಂದವರು ಮೂವರು. ಗೋದಾಮಿನವರು ಇಪ್ಪತ್ತೊಂಬತ್ತು, ಬಂದವರು ಹದಿನೆಂಟು. ಆ ಹದಿನೆಂಟು ಜನರ ಸೊಂಟದ ಮನೆ ನೋಡಿ ಅವಳಿಗೆ ನಗು ಬಂತು. ಮೊದಲ ಸಲ ಮೂವತ್ತು ಇದ್ದವನು ಎರಡು ವರ್ಷಕ್ಕೆ ಮೂವತ್ತೆರಡು, ಇನ್ನೆರಡು ವರ್ಷಕ್ಕೆ ಮೂವತ್ನಾಲ್ಕು. 'ಯಾತಕ್ಕೆ' ಎಂಬಲ್ಲಿ ಮೊದಲು ಇಂಟರ್‌ವ್ಯೂ, ಆಮೇಲೆ ಆಫೀಸು, ಆಮೇಲೆ ಬಡ್ತಿ. ಕುರ್ಚಿ ಸಿಕ್ಕಿದವರ ಸೊಂಟ ಅದು, ಸುಳ್ಳು ಹೇಳುವುದಿಲ್ಲ.

ಆದರೆ ಗುಡ್ಡದ ನಲವತ್ತಮೂರು ಜನ? ಪುಸ್ತಕ ಅವರ ಬಗ್ಗೆ ತುಟಿ ಬಿಚ್ಚಲಿಲ್ಲ. ಅಪ್ಪ ಹೇಳಿದ್ದೇ ನಿಜವೂ ಇರಬಹುದು. ಹೆಸರಿನ ಪಕ್ಕದಲ್ಲಿ ಫೋನ್ ನಂಬರುಗಳಿದ್ದವು.

"ಯಾರಿಗೆ ಫೋನು?" ಎಂದಳು ಅಮ್ಮ, ಸೂಜಿಯಿಂದ ಕಣ್ಣು ಕೀಳದೆ.

"ಗಿರಾಕಿಗಳಿಗೆ. ಕೋಟು ಹೇಗಿದೆ ಅಂತ ವಿಚಾರಿಸ್ತೀನಿ."

"ನಿಮ್ಮಪ್ಪನಿಗೆ ಗೊತ್ತಾದ್ರೆ ನಿನ್ನ ಚರ್ಮ ಸುಲೀತಾರೆ" ಎಂದಳೇ ಹೊರತು ಬೇಡ ಎನ್ನಲಿಲ್ಲ.

ಮೊದಲ ನಾಲ್ಕು ನಂಬರು ಬದುಕಿರಲಿಲ್ಲ. ಐದನೆಯದನ್ನು ಎತ್ತಿದವನು, ಅಪ್ಪ 'ಎಡಭುಜ ಇಳಿದಿದೆ' ಎಂದು ಗುರುತು ಹಾಕಿದ್ದವನು. ದರ್ಜಿಯ ಮಗಳೆಂದು ಹೇಳಿಕೊಂಡು, ಕಾಲೇಜು ಆರಿಸಬೇಕಿದೆ, ಒಂದು ಮಾತು ಕೇಳಬಹುದೇ ಎಂದಳು.

"ಓಹೋ, ಕುರ್ಚಿ ಮೇಲೆ ಕೂರಿಸೋ ಟೈಲರ್! ಚೆನ್ನಾಗಿದ್ದಾರಾ?" ಅವನು ಜೋರಾಗಿ ನಕ್ಕ. ದೂರದ ದೊಡ್ಡ ಊರಿನಲ್ಲಿ ದೊಡ್ಡ ಬ್ಯಾಂಕಿನಲ್ಲಿದ್ದಾನಂತೆ. "ಗುಡ್ಡದ ಕಾಲೇಜು ತಾನೆ? ಕಣ್ಮುಚ್ಕೊಂಡು ಸೇರಮ್ಮ. ನಮ್ಮ ಮಾವ ಇಲ್ಲಿ ಇದ್ರು, ನಂಗೆ ಕೆಲಸ ಸಲೀಸಾಯ್ತು. ನಿಂಗೂ ಯಾರಾದ್ರೂ ಇರ್ತಾರಲ್ಲ?"

ಬುಗುರಿ ಫೋನಿಟ್ಟಳು. ಅಪ್ಪ ಸರಿ, ತಾನು ತಪ್ಪು. ಆದರೆ ಮರುಕ್ಷಣವೇ ಆ ಮಾವ ಅಡ್ಡ ಬಂದ. ಅವಳ ಮಾವಂದಿರಲ್ಲಿ ಒಬ್ಬ ಬಸ್ ಕಂಡಕ್ಟರು, ಇನ್ನೊಬ್ಬ ಬಣ್ಣ ಹೊಡೆಯುವವನು. ಬ್ಯಾಂಕಿನ ಹೊರಗೋಡೆಗೆ ಬೇಕಾದರೆ ಆಗಬಹುದು.

ಎರಡನೆಯವನು ಗಿಡ್ಡ ಕತ್ತಿನವನು. ಅವನ ಹಿಂದೆ ಯಾರೋ ಟೈಲ್ಸ್ ಕೊಯ್ಯುವ ಸದ್ದು. "ಕೋಟಾ? ಎರಡು ಸಲ ಹಾಕಿದ್ದೀನಿ ಅಷ್ಟೆ. ಈಗ ಚಿಕ್ಕಪ್ಪನ ಟೈಲ್ಸ್ ಅಂಗಡೀಲಿ ಇದ್ದೀನಿ" ಎಂದು ತಡೆದು, "ನಿಮ್ಮಪ್ಪಂಗೆ ಹೇಳಬೇಡಮ್ಮ" ಎಂದು ಫೋನಿಟ್ಟ. ಮತ್ತೊಬ್ಬ, ಯಾವ ಕಾಲೇಜೆಂದು ಕೇಳುತ್ತಲೇ ಕರೆ ಕತ್ತರಿಸಿದ. ಬುಗುರಿ ಎದ್ದು ಅಂಗಡಿಯನ್ನು ಎರಡು ಸುತ್ತು ಹಾಕಿ ಬಂದು ಮತ್ತೆ ಕೂತಳು. ಗಂಟೆ ಎರಡೂವರೆ.

ಬೂದು ಬಣ್ಣದ ಕೋಟು ಹೊಲಿಸಿದ್ದವಳು ಮಾತ್ರ ಸಾವಕಾಶವಾಗಿ ಮಾತಾಡಿದಳು.

"ಹನ್ನೊಂದು ಇಂಟರ್‌ವ್ಯೂಗೆ ಹಾಕ್ಕೊಂಡು ಹೋಗಿದ್ದೆ ಕಣಮ್ಮ ಅದನ್ನ. ಪಾಠ ಚೆನ್ನಾಗೇ ಮಾಡಿದ್ರು, ಸುಳ್ಳು ಹೇಳಬಾರದು. ಆದ್ರೆ ಅಲ್ಲಿ ಹೋಗಿ ಕೂತಾಗ, ನಿಜವಾದ ಒಂದು ಕಂಪನಿ ಕಾಗದ ಕೈಯಲ್ಲಿ ಹಿಡಿದಿದ್ದೀಯಾ ಅಂತ ಕೇಳೋರು. ಇಲ್ಲ ಅಂತಿದ್ದೆ. ಈಗ ಸ್ಕೂಲಲ್ಲಿ ಗಣಿತ ಹೇಳ್ಕೊಡ್ತೀನಿ, ಆರಾಮಾಗಿದ್ದೀನಿ."

"ಅಕ್ಕಾ, ನೀವು ಎಲ್ಲಿರೋದು?"

"ನಿಮ್ಮ ಹಿಂದಿನ ಬೀದೀಲೇ."

ಬುಗುರಿ ಪುಸ್ತಕ ನೋಡಿದಳು. ಏಳು ವರ್ಷದಿಂದ ಆಕೆ ಅಂಗಡಿಗೆ ಬಂದಿರಲಿಲ್ಲ.

"ಬರೋಣ ಅನ್ಸುತ್ತೆ" ಎಂದಳು ಆಕೆ, ಕೇಳದೆಯೇ. "ಆ ಕೋಟು ಈಗ ಸೊಂಟದ ಹತ್ರ ಬಿಗಿ. ಆದ್ರೆ ನಿಮ್ಮಪ್ಪ ಬಾಗಿಲಲ್ಲೇ 'ಕೆಲಸ ಸಿಕ್ತಾ' ಅಂತ ಕೇಳ್ತಾರಲ್ಲ? ಅಷ್ಟು ಅಕ್ಕರೆಯಿಂದ ಹೊಲಿದುಕೊಟ್ಟೋರು. ಯಾವ ಮುಖ ಇಟ್ಕೊಂಡು ಬರಲಿ? ಸುತ್ತು ಬಳಸಿ ಬೇರೆ ದಾರೀಲಿ ಓಡಾಡ್ತೀನಿ. ಕೋಟಿಂದು ಏನೂ ತಪ್ಪಿಲ್ಲಮ್ಮ."

ಫೋನಿಟ್ಟ ಮೇಲೆ ಬುಗುರಿ ಆಕೆಯ ಹೆಸರಿನ ಸುತ್ತ ಪೆನ್ಸಿಲು ಆಡಿಸುತ್ತ ಕೂತಳು. ಅವಳಿಗೆ ದುಃಖವಾಯಿತು, ಅದೂ ಆ ಅಕ್ಕನಿಗಿಂತ ಅಪ್ಪನಿಗಾಗಿ. ಸಂಜೆ ಅಂಗಡಿ ಮುಚ್ಚುವಾಗ ಹಳೆಯ ಪುಟ ತಿರುವಿ, 'ಇವಳೀಗ ಎಲ್ಲಿದ್ದಾಳೋ, ಯಾವ ದೇಶದಲ್ಲೋ' ಎಂದು ಹಿಗ್ಗುತ್ತಿದ್ದ ಮನುಷ್ಯ. ಆ ದೇಶ ಹಿಂದಿನ ಬೀದಿಯಲ್ಲಿತ್ತು.

ಕೊನೆಗೆ ಉದ್ದ ತೋಳಿನವಳಿಗೆ ಫೋನು ಮಾಡಿದಳು. ಆಕೆ ಗೋದಾಮಿನವಳು. "ಬೇಗ ಹೇಳು, ಮೂರಕ್ಕೆ ಮೀಟಿಂಗ್" ಎಂದವಳು ವಿಷಯ ತಿಳಿದ ಮೇಲೆ ಐದು ನಿಮಿಷ ಮಾತಾಡಿದಳು. "ಬೆಣ್ಣೆ ಹಚ್ಚಿ ಹೇಳಲ್ಲ. ಲೈಬ್ರರಿ ಅಂದ್ರೆ ಎರಡು ಬೀರು. ನಿದ್ದೆ ಗಿದ್ದೆ ಮರೆತುಬಿಡು. ನಮ್ಮ ತರಗತೀಲಿ ಅರ್ಧಕ್ಕರ್ಧ ಜನ ನಡುವೇನೇ ಬಿಟ್ಟುಹೋದ್ರು, ಅವರನ್ನೂ ಲೆಕ್ಕಕ್ಕೆ ತಗೋ. ಆದ್ರೆ ಎರಡನೇ ವರ್ಷಕ್ಕೇ ನನ್ನ ಮೇಜಿನ ಮೇಲೆ ಮುಳುಗ್ತಾ ಇರೋ ಒಂದು ಸಕ್ಕರೆ ಕಂಪನಿ ಫೈಲು ಬಿತ್ತು. ಅದನ್ನ ಓದಿ ಓದಿಯೇ ಕಣ್ಣು ತೆರೆದದ್ದು ನಂಗೆ. ನಿಂಗೆ ಬೋರ್ಡು ಬೇಕೋ ಫೈಲು ಬೇಕೋ, ನೀನೇ ಯೋಚನೆ ಮಾಡು."

ಅರ್ಧಕ್ಕರ್ಧ ಜನ ಬಿಟ್ಟುಹೋದರು ಎಂಬುದು ಪುಸ್ತಕದಲ್ಲಿರಲಿಲ್ಲ. ಕೋಟು ಹೊಲಿಸುವ ಹಂತಕ್ಕೇ ಬಾರದವರು ಅವರು. ಹಾಗಾದರೆ ಅಪ್ಪನ ಲೆಕ್ಕವೂ ಅರ್ಧ, ತನ್ನ ಲೆಕ್ಕವೂ ಅರ್ಧ. ತಾನು ಯಾವ ಅರ್ಧಕ್ಕೆ ಬೀಳುತ್ತೇನೋ ಯಾವ ಪುಸ್ತಕವೂ ಹೇಳುವುದಿಲ್ಲ. ಆದರೂ ಒಂದು ಮಾತು ಅವಳಿಗೆ ಖಚಿತವಾಯಿತು. ಆ ಸಕ್ಕರೆ ಕಂಪನಿಯ ಫೈಲಿನ ಮಾತು ಬಂದಾಗ ಅವಳ ಕಾಲು ಅಲ್ಲಾಡುವುದನ್ನು ನಿಲ್ಲಿಸಿತ್ತು. ಗಾಜಿನ ಲೈಬ್ರರಿಯಲ್ಲೂ ಹಾಗಾಗಿರಲಿಲ್ಲ.

ಕಷ್ಟ ಇದ್ದದ್ದು ಇನ್ನೊಂದರಲ್ಲಿ. ಗೋದಾಮು ಯಾಕೆ ಎಂದು ಅಪ್ಪ ಕೇಳುತ್ತಾನೆ. ನಿಜ ಹೇಳಿದರೆ ಹನ್ನೊಂದು ವರ್ಷದ ಹೆಮ್ಮೆಯನ್ನು ಒಂದೇ ಏಟಿಗೆ ಹರಿದು ಹಾಕಿದ ಹಾಗೆ.

"ಹೇಳಬೇಡ" ಎಂದಳು ಅಮ್ಮ ಇದ್ದಕ್ಕಿದ್ದಂತೆ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಬೇರೆ ಏನಾದ್ರೂ ಹೇಳು. ಪಾಪ ಕಣೇ."

ನಾಲ್ಕಕ್ಕೆ ಬರುತ್ತೇನೆಂದ ಅಪ್ಪ ಬಂದದ್ದು ನಾಲ್ಕೂಕಾಲಿಗೆ. ಬೆವರು ಒರೆಸಿಕೊಳ್ಳುತ್ತ, "ಆಯ್ತಾ?" ಎಂದ.

"ಅಪ್ಪಾ, ನಾನು ಗೋದಾಮಿಗೆ ಹೋಗ್ತೀನಿ. ಅದು... ಹತ್ರ. ಬೆಳಿಗ್ಗೆ ಕ್ಲಾಸು. ಅಮ್ಮಂಗೂ ಸಹಾಯ ಆಗುತ್ತೆ."

"ಸಹಾಯ! ಮೂರು ಗುಂಡಿ ಆರಿಸಕ್ಕೆ ಕೊಟ್ರೆ ಆರು ಕಳೀತೀಯ." ಅಪ್ಪನ ಮುಖ ಕೆಂಪಾಯಿತು. "ಯಾಕೆ ಅಂತ ನೆಟ್ಟಗೆ ಹೇಳು. ಆ ಕೋಟಿನ ಮುಂದೆ ನಿಂತು ಸುಳ್ಳು ಹೇಳಬೇಡ."

ಅವಳು ಬಾಯಿ ತೆರೆಯುವುದರೊಳಗೆ ಅವನ ಕಣ್ಣು ಮೇಜಿನ ಮೇಲೆ ತೆರೆದಿದ್ದ ಅಳತೆ ಪುಸ್ತಕದ ಮೇಲೆ ಬಿತ್ತು. ಯಾರೂ ಮುಟ್ಟಬಾರದ ಪುಸ್ತಕದ ತುಂಬ ಪೆನ್ಸಿಲ್ ಗುರುತು. ಬೂದು ಕೋಟಿನವಳ ಹೆಸರಿನ ಸುತ್ತ ಅವಳು ಯೋಚಿಸುತ್ತ ಯೋಚಿಸುತ್ತ ಏಳೆಂಟು ಸುತ್ತು ಗೀಚಿಬಿಟ್ಟಿದ್ದಳು.

"ಏನಿದು?"

ಅಮ್ಮ ಕಣ್ಣಲ್ಲೇ ಬೇಡವೆಂದಳು. ಆದರೆ ಈ ಹುಡುಗಿ ಮುಂದೆ ಮಾಡಬೇಕೆಂದಿದ್ದ ಕೆಲಸವೇ ಅದಲ್ಲವೇ, ಕಾಗದದಲ್ಲಿ ಕಂಡದ್ದನ್ನು, ಕೇಳುವವರಿಗೆ ಕಹಿಯಾದರೂ, ಕಂಡ ಹಾಗೆ ಹೇಳುವುದು? ಎಲ್ಲವನ್ನೂ ಹೇಳಿದಳು. ಬ್ಯಾಂಕಿನವನನ್ನು, ಅವನ ಮಾವನನ್ನು, ಗೋದಾಮಿನಲ್ಲಿ ಅರ್ಧಕ್ಕೆ ಬಿಟ್ಟವರನ್ನೂ ಬಿಡಲಿಲ್ಲ. ಗಿಡ್ಡ ಕತ್ತಿನವನ ಗುರುತು ಮಾತ್ರ ಹೇಳದೆ, ಒಬ್ಬರು ಟೈಲ್ಸ್ ಅಂಗಡಿಯಲ್ಲಿದ್ದಾರೆ ಎಂದಳು. ಬೂದು ಕೋಟಿನವಳು ಹಿಂದಿನ ಬೀದಿಯಲ್ಲೇ ಇದ್ದಾಳೆಂಬುದನ್ನು ಕೊನೆಗೆ ಹೇಳಿದಳು.

"ಹಿಂದಿನ ಬೀದೀಲಾ?" ಎಂದ ಅಪ್ಪ.

"ಹ್ಞೂಂ. ಕೆಲಸ ಸಿಕ್ತಾ ಅಂತ ನೀನು ಕೇಳ್ತೀಯ ಅಂತ ಸುತ್ತು ಬಳಸಿ ಹೋಗ್ತಾರಂತೆ. ಕೋಟಿಂದು ತಪ್ಪಿಲ್ಲ ಅಂದ್ರು."

ಅಪ್ಪ ಮೂಲೆಯ ಮರದ ಕುರ್ಚಿಯಲ್ಲಿ ಕೂತ. ಗಿರಾಕಿಗಳ ಕುರ್ಚಿ ಅದು, ಅವನು ಅದರಲ್ಲಿ ಕೂತದ್ದನ್ನು ಬುಗುರಿ ಎಂದೂ ಕಂಡಿರಲಿಲ್ಲ. ಕೊರಳ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಮಗಳ ಕಾಲು ತಾನಾಗಿಯೇ ಕುಣಿಯತೊಡಗಿತು.

"ಹನ್ನೊಂದು ವರ್ಷ ಇಲ್ಲೇ ಕೂತು ಮನಸ್ಸಲ್ಲೇ ಎಲ್ಲರನ್ನೂ ದೊಡ್ಡವರನ್ನಾಗಿ ಮಾಡಿದ್ದೆ ನಾನು" ಎಂದ ಕೊನೆಗೆ. "ಬಾಗಿಲಲ್ಲಿ ಕೇಳಿದ್ದು ಖುಷಿಗೆ ಕಣೇ. ಸಿಕ್ತು ಅಂತಾರೆ, ನಾನು ಹಿಗ್ಗೋಣ ಅಂತ."

"ಗೊತ್ತು ಅಪ್ಪಾ."

"ಟೈಮ್ ನೋಡು. ಯಾವುದು ಒತ್ತಬೇಕೋ ಒತ್ತು."

ಅವಳು ಒತ್ತಿದಳು. ಪರದೆಯ ಮೇಲಿನ ಚಕ್ರ ತಿರುಗಿತು, ತಿರುಗಿತು, ಗೋದಾಮಿನ ಹೆಸರಿನ ಪಕ್ಕದಲ್ಲಿ ಹಸಿರು ಗುರುತು ಬಂತು. ಗುಡ್ಡದ ಹೆಸರು ಮಾಸಿಹೋಯಿತು. ಬುಗುರಿಗೆ ಸಂತೋಷವಾಗುವ ಬದಲು ಭಯವಾಯಿತು. ಆ ಬಿಟ್ಟುಹೋದ ಅರ್ಧ ಅವಳ ಬೆನ್ನ ಹಿಂದೆಯೇ ನಿಂತಿದ್ದ ಹಾಗಿತ್ತು.

ಅಪ್ಪ ಎದ್ದು ಕೋಟನ್ನು ಮೊಳೆಯಿಂದ ಇಳಿಸಿದ. ಚಿಕ್ಕ ಕತ್ತರಿಯಿಂದ ಲಾಂಛನದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ಜೇಬಿನ ಮೇಲೆ ಸೂಜಿಯ ತೂತುಗಳು ಉಳಿದವು. ಉಗುರಿನಿಂದ ಎರಡು ಸಲ ಉಜ್ಜಿ ನೋಡಿದ, ಹೋಗಲಿಲ್ಲ. ಹಾಗೇ ಬಿಟ್ಟ. ಬಿಡಿಯಾದ ಲಾಂಛನವನ್ನು ಅಮ್ಮ ಎತ್ತಿ ಗುಂಡಿ ಡಬ್ಬಿಯೊಳಗೆ ಹಾಕಿದಳು.

"ಬಾ ಇಲ್ಲಿ. ಇದನ್ನ ನಿಲ್ಲೋದಕ್ಕೆ ಅಂತ ಹೊಲಿದಿದ್ದೆ, ಬೋರ್ಡಿನ ಮುಂದೆ ಫೋಟೋ ತೆಗೆಸ್ಕೊಳ್ಳಲಿ ಅಂತ. ಆಫೀಸಲ್ಲಿ ಇದ್ರಲ್ಲಿ ಕೂತ್ರೆ ಉಸಿರು ಕಟ್ಟುತ್ತೆ." ಕುರ್ಚಿಯ ಕಡೆ ಕೈ ತೋರಿಸಿದ. "ಕೂತ್ಕೋ."

ಬುಗುರಿ ಕೂತಳು. ಅಪ್ಪ ಮಂಡಿಯೂರಿ ಅವಳ ಸೊಂಟಕ್ಕೆ ಟೇಪು ಸುತ್ತಿದ. "ಅಲ್ಲಾಡಬೇಡ" ಎಂದ. ಪುಸ್ತಕದಲ್ಲಿ ಅವಳ ಹೆಸರು ಬರೆದ, ಅಳತೆ ಬರೆದ. 'ಯಾತಕ್ಕೆ' ಎಂಬ ಮನೆಯನ್ನು ಸ್ವಲ್ಪ ಹೊತ್ತು ನೋಡಿ, ಖಾಲಿ ಬಿಟ್ಟ. ಆಮೇಲೆ ಅವಳ ಫೋನಿಗೆ ಕೈ ಚಾಚಿ, "ಆ ಬೂದು ಕೋಟಿನ ಹುಡುಗಿಗೆ ಹಚ್ಚಿಕೊಡು" ಎಂದ.

ಸೊಂಟದ ಸುತ್ತ ಟೇಪು ಇನ್ನೂ ಹಾಗೇ ಇತ್ತು. ಬುಗುರಿ ಕೈ ಮಾತ್ರ ಆಡಿಸಿ ನಂಬರು ಒತ್ತಿ ಕೊಟ್ಟಳು. ಆ ಕಡೆ ಎತ್ತಿದ ಸದ್ದಾಯಿತು. ಅಪ್ಪ ಗಂಟಲು ಸರಿಮಾಡಿಕೊಂಡ.

"ನಾನಮ್ಮ, ದರ್ಜಿ. ಕೋಟು ಬಿಗಿ ಆಗಿದೆಯಂತಲ್ಲ. ಎಲ್ಲಾ ಕೋಟಿಗೂ ಒಳಗಡೆ ಎರಡು ಇಂಚು ಬಟ್ಟೆ ಬಿಟ್ಟೇ ಹೊಲಿದಿರ್ತೀನಿ, ಸುಮ್ನೆ ತಗೊಂಡು ಬಾ. ನಾನೇನೂ ಕೇಳಲ್ಲ."